ಎಲೆ ನನ್ನ ಪೀರಿಯಡ್, ಕಲ್ಲು ಅವರ ಪೀರಿಯಡ್

ನಮ್ಮ ಹೈಸ್ಕೂಲಿನ ಟೈಂಟೇಬಲ್‌ನಲ್ಲಿ ಎಲೆ ನನ್ನ ಪಾಲು, ಕಲ್ಲು ಸಮಾಜದ ಮೇಷ್ಟ್ರ ಪಾಲು. ನಾನು ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಟೀಚರ್. ಜೀವಕೋಶ, ಅಂಗಾಂಶ, ದ್ಯುತಿಸಂಶ್ಲೇಷಣೆ, ಅನುವಂಶೀಯತೆ, ಜೊತೆಗೆ ಕೆಮಿಸ್ಟ್ರಿ ನನಗೆ. ಶಿಲೆ, ಮಣ್ಣು, ಮಳೆ ಎಲ್ಲ ಸಮಾಜ ವಿಜ್ಞಾನದ ಪುಸ್ತಕದಲ್ಲಿವೆ. ಹಾಗಾಗಿ ಹನ್ನೊಂದು ವರ್ಷ ನಾನು ಕಲ್ಲಿನ ತಂಟೆಗೇ ಹೋಗಲಿಲ್ಲ. ಅಗ್ನಿಶಿಲೆ ಅನ್ನುವ ಪದವನ್ನು ನಾನೇ ಎಂಟನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಅಲ್ಲೇ ಬಿಟ್ಟಿದ್ದೆ.

ಶಾಲೆ ಇರುವುದು ಚಿಕ್ಕಮಗಳೂರಿನಿಂದ ಗಿರಿ ಕಡೆಗೆ ಹೋಗುವ ದಾರಿಯಲ್ಲಿ. ಆಕಾಶ ತಿಳಿಯಾಗಿದ್ದರೆ ಕ್ಲಾಸಿನ ಕಿಟಕಿಯಿಂದ ಮುಳ್ಳಯ್ಯನಗಿರಿ ಕಾಣುತ್ತದೆ. ಮಳೆಗಾಲದಲ್ಲಿ ಕಿಟಕಿಯೇ ಕಾಣುವುದಿಲ್ಲ, ಅಷ್ಟು ಮಂಜು. ಮಕ್ಕಳಲ್ಲಿ ಅರ್ಧ ಸಣ್ಣ ತೋಟದವರು, ಇನ್ನರ್ಧ ಎಸ್ಟೇಟ್ ಕೂಲಿಯವರ ಲೈನ್ ಮನೆಯವರು. ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಅವರು ಕನ್ನಡ ಕಲಿತಷ್ಟು ಬೇಗ ನಮ್ಮ ಮಕ್ಕಳು ಪಠ್ಯಪುಸ್ತಕದ ಕನ್ನಡ ಕಲಿಯುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, 'ಬಾಷ್ಪವಿಸರ್ಜನೆ' ಅಂತ ಬೋರ್ಡಿನ ಮೇಲೆ ಬರೆದಾಗ ಕ್ಲಾಸಿನ ಮುಖ ಒಮ್ಮೆ ನೋಡಬೇಕು.

ಎಲ್ಲ ಶುರುವಾಗಿದ್ದು ಒಂದು ಕೆಟ್ಟ ಪ್ರಯೋಗದಿಂದ. ಎಲೆಯಲ್ಲಿ ಪಿಷ್ಟ ಇದೆ ಅಂತ ತೋರಿಸುವ ಪ್ರಯೋಗ ಎಲ್ಲರಿಗೂ ಗೊತ್ತಲ್ವಾ? ಗಿಡವನ್ನು ಎರಡು ದಿನ ಕತ್ತಲೆಯಲ್ಲಿಡಬೇಕು. ಎಲೆಗೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ ಬಿಸಿಲಿಗಿಡಬೇಕು. ಆಮೇಲೆ ಎಲೆಯನ್ನು ನೀರಿನಲ್ಲಿ ಬೇಯಿಸಿ, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಬೇಕು. ಬಿಸಿಲು ಬಿದ್ದ ಕಡೆ ನೀಲಿಗಪ್ಪು ಬರುತ್ತದೆ. ಕಾಫಿ ಸೀಮೆಯ ಮಕ್ಕಳು, ಕಾಫಿ ಎಲೆಯಲ್ಲೇ ತೋರಿಸೋಣ ಅಂತ ನನಗೆ ಹುಮ್ಮಸ್ಸು. ಎಲೆ ಬೆಂದಿತು. ಸ್ಪಿರಿಟ್‌ನಿಂದ ಹೊರಗೆ ಬಂದಾಗ ಬೆಳ್ಳಗಾಗುವ ಬದಲು ಕಂದಾಗಿತ್ತು. ಅದರ ಮೇಲೆ ಕಂದು ಬಣ್ಣದ ಅಯೋಡಿನ್. ಏನೂ ಕಾಣಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, 'ಮಿಸ್, ಕಾಫಿ ಡಿಕಾಕ್ಷನ್ ಬಂತು' ಅಂದ. ಕ್ಲಾಸ್ ಮುಗಿಯುವವರೆಗೂ ನಗು ನಿಲ್ಲಲಿಲ್ಲ.

ಕಾಫಿ ಎಲೆ ದಪ್ಪ, ಮೇಲೆ ಮೇಣದ ಪದರ ಬೇರೆ. ಬೇಯಿಸಿದರೆ ಕಂದಾಗುವ ಒಗರು ಪದಾರ್ಥಗಳೂ ಅದರಲ್ಲಿ ಜಾಸ್ತಿ. ಈ ಪ್ರಯೋಗಕ್ಕೆ ತೆಳ್ಳಗಿನ ಬೀನ್ಸ್ ಎಲೆಯೇ ಸರಿ. ಈಗ ಪ್ರತಿ ವರ್ಷ ಜೂನ್‌ನಲ್ಲೇ ಎರಡು ಕುಂಡದಲ್ಲಿ ಬೀನ್ಸ್ ಹಾಕುತ್ತೇನೆ. ಸ್ಪಿರಿಟ್ ವಿಷಯದಲ್ಲಿ ಮಾತ್ರ ಹುಷಾರು. ನೇರ ಬೆಂಕಿಗೆ ಇಡಲೇಬಾರದು. ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ಇರುವ ಟ್ಯೂಬ್ ನಿಲ್ಲಿಸಬೇಕು, ಅದಕ್ಕೂ ಮೊದಲು ಸ್ಟವ್ ಆರಿಸಬೇಕು.

ಆದರೆ ಕಾಫಿ ಎಲೆ ಬಿಡಲು ಮನಸ್ಸಾಗಲಿಲ್ಲ. ಅದರಲ್ಲಿ ಇನ್ನೇನು ನೋಡಬಹುದು ಅಂತ ಮೈಕ್ರೋಸ್ಕೋಪ್ ತೆಗೆಯಲು ಹೋದೆ. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು! ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಪುಸ್ತಕ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಲೆನ್ಸ್ ಯಾವ ಲೆಕ್ಕ. ಎರಡರಲ್ಲಿ ಒಂದು ಹೋಯಿತು. ಉಳಿದ ಒಂದನ್ನು ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಹಾಕಿ ಇಟ್ಟಿದ್ದೇನೆ. ಮಳೆಗಾಲ ಪೂರ್ತಿ ಆ ಬಲ್ಬ್ ಉರಿಯುತ್ತಿರುತ್ತದೆ. ಹಾಳಾದ ಲೆನ್ಸನ್ನು ಎಸೆದಿಲ್ಲ, ಶಿಲೀಂಧ್ರದ ಪಾಠಕ್ಕೆ ಅದೇ ಮಾದರಿ.

ಕಾಫಿ ಎಲೆಯ ಸಿಪ್ಪೆ ಈರುಳ್ಳಿಯ ಹಾಗೆ ಸುಲಭಕ್ಕೆ ಏಳುವುದಿಲ್ಲ. ಅದಕ್ಕೆ ನೈಲ್ ಪಾಲಿಶ್ ಸಾಕು. ಬಣ್ಣವಿಲ್ಲದ್ದು. ಎಲೆಯ ಅಡಿಭಾಗಕ್ಕೆ ತೆಳ್ಳಗೆ ಸವರಿ, ಹತ್ತು ನಿಮಿಷ ಒಣಗಿಸಿ, ಮೇಲೆ ಸೆಲ್ಲೋಟೇಪ್ ಒತ್ತಿ ಎಳೆದರೆ ಎಲೆಯ ಅಚ್ಚು ಟೇಪಿಗೆ ಬರುತ್ತದೆ. ಅದನ್ನೇ ಸ್ಲೈಡಿಗೆ ಅಂಟಿಸಬೇಕು. ಹುಡುಗಿಯರೇ ಮನೆಯಿಂದ ಪಾಲಿಶ್ ತಂದರು. ಅರ್ಧ ಸ್ಲೈಡಿಗೆ ಹೋಯಿತು, ಅರ್ಧ ಉಗುರಿಗೆ.

ಅಡಿಭಾಗದ ಅಚ್ಚಿನಲ್ಲಿ ತುಟಿ ಬಿಟ್ಟ ಬಾಯಿಗಳ ಹಾಗೆ ಪತ್ರರಂಧ್ರಗಳು. ಮೇಲ್ಭಾಗದ ಅಚ್ಚಿನಲ್ಲಿ ಒಂದೂ ಇಲ್ಲ. ಮಕ್ಕಳು ನಾಲ್ಕು ಸಲ ಮತ್ತೆ ಮತ್ತೆ ಮಾಡಿ ನೋಡಿದರು. ಇಲ್ಲ ಅಂದರೆ ಇಲ್ಲ. ಕಾಫಿ ಗಿಡ ಉಸಿರಾಡುವುದು ಎಲೆಯ ಅಡಿಯಿಂದಲೇ. ಆಗ ಒಬ್ಬ ಹುಡುಗ ಹೇಳಿದ, 'ಅದಕ್ಕೇನಾ ಮಿಸ್, ನಮ್ಮಪ್ಪ ಬೋರ್ಡೋ ಹೊಡೆಯುವಾಗ ಎಲೆ ಅಡಿಗೆ ಹೊಡಿ ಅಂತ ಬೈಯೋದು?'

ಬೋರ್ಡೋ ಅಂದರೆ ತುಕ್ಕು ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ. ನಾನು ತಡವರಿಸಿದೆ. ನಿಜ ಹೇಳಬೇಕೆಂದರೆ ಎರಡನ್ನೂ ಜೋಡಿಸಿ ಯೋಚನೆ ಮಾಡಿರಲಿಲ್ಲ. ಮಾರನೆಯ ದಿನ ತುಕ್ಕು ರೋಗ ಹಿಡಿದ ಎಲೆ ತರಿಸಿದೆ. ಕಿತ್ತಳೆ ಬಣ್ಣದ ಪುಡಿ ಇರುವುದು ಎಲೆಯ ಅಡಿಯಲ್ಲೇ. ಶಿಲೀಂಧ್ರ ಒಳಗೆ ಹೋಗುವುದೂ ಪತ್ರರಂಧ್ರದಿಂದ, ಬೀಜಕ ಹೊರಗೆ ಬರುವುದೂ ಅದೇ ಬಾಗಿಲಿನಿಂದ. ಪುಡಿಯನ್ನು ಒಂದು ಹನಿ ನೀರಿನಲ್ಲಿ ನೋಡಿದರೆ ಬೀಜಕಗಳು ಹುರುಳಿ ಕಾಳಿನ ಆಕಾರ. ಬೆನ್ನಿನ ಕಡೆ ಮುಳ್ಳು ಮುಳ್ಳು, ಹೊಟ್ಟೆಯ ಕಡೆ ನುಣುಪು. ಇದರ ವೈಜ್ಞಾನಿಕ ಹೆಸರು ಹೆಮಿಲಿಯಾ, ಗ್ರೀಕಿನಲ್ಲಿ ಅರ್ಧ ನುಣುಪು ಅಂತಲೇ ಅರ್ಥ. ಹೆಸರಿನ ಅರ್ಥ ಹೇಳದೆ ಮೊದಲು ಚಿತ್ರ ಬರೆಸಿದೆ. ಬರೆದ ಮೇಲೆ ಹೆಸರು ಹೇಳಿದೆ. ಯಾರೂ ಮರೆಯಲಿಲ್ಲ. ಆ ವರ್ಷದಿಂದ ಪಾರಿಭಾಷಿಕ ಪದ ಪಾಠದ ಕೊನೆಗೆ ಹೋಯಿತು.

ಸಮಾಜದ ಮೇಷ್ಟ್ರು ಒಳಗೆ ಬಂದಿದ್ದು ಇಲ್ಲಿಂದ. ಅವರು ಮಕ್ಕಳ ಹತ್ತಿರ ಮಳೆ ಲೆಕ್ಕ ಬರೆಸುತ್ತಿದ್ದರು. ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ಎಸ್ಟೇಟಿನ ರೈಟರ್ ಬಳಿ ಮಳೆ ಪುಸ್ತಕ ಇರುತ್ತದೆ, ಅದರಲ್ಲಿ ಇಂಚು ಮತ್ತು ಸೆಂಟು. 'ನಿನ್ನೆ ರಾತ್ರಿ ಎರಡು ಇಂಚು ನಲವತ್ತು ಸೆಂಟು ಹೊಡೀತು' ಅನ್ನುವುದು ಇಲ್ಲಿನ ಬೆಳಗಿನ ಮಾತು. ಒಂದು ಇಂಚಿಗೆ ನೂರು ಸೆಂಟು, ಅಂದರೆ 25.4 ಮಿಲಿಮೀಟರು. ಕಡೂರಿನ ಕಡೆ ವರ್ಷಕ್ಕೆ ಇಪ್ಪತ್ತೈದು ಇಂಚು ಬಿದ್ದರೆ ಸಮಾಧಾನ. ಅದೇ ಜಿಲ್ಲೆಯ ಕೊಟ್ಟಿಗೆಹಾರದಲ್ಲಿ ನೂರು ಇಂಚು ದಾಟುವುದು ಹೊಸದೇನಲ್ಲ. ಮೇಷ್ಟ್ರು ಆ ಚಾರ್ಟನ್ನು ಗೋಡೆಗೆ ಹಾಕಿದ್ದರು. ನಾನು ಅದರ ಪಕ್ಕ ತುಕ್ಕು ಹಿಡಿದ ಎಲೆಗಳ ಲೆಕ್ಕದ ಚಾರ್ಟ್ ಹಾಕಿದೆ. ಎಲೆ ಒದ್ದೆಯಾಗಿರದಿದ್ದರೆ ಬೀಜಕ ಮೊಳೆಯುವುದಿಲ್ಲ ಅಂತ ಬಾಯಲ್ಲಿ ಹೇಳುವ ಕೆಲಸ ತಪ್ಪಿತು. ಮೇಷ್ಟ್ರು ನೋಡಿ, 'ಮೇಡಂ, ನಿಮ್ಮದೂ ನಮ್ಮದೂ ಒಂದೇ ಪಾಠ ಆಯ್ತಲ್ಲ' ಅಂದರು. ಶನಿವಾರ ಬೆಳಗಿನ ಕ್ಲಾಸಿನಲ್ಲಿ ನಮ್ಮಿಬ್ಬರ ಪೀರಿಯಡ್ ಒಂದರ ಹಿಂದೆ ಒಂದು ಬರುವಂತೆ ಹೆಡ್‌ಮೇಷ್ಟ್ರನ್ನು ಕೇಳಿಕೊಂಡೆವು. ಟೈಂಟೇಬಲ್ ಬದಲಾಯಿಸುವುದು ಎಷ್ಟು ಕಷ್ಟ ಅಂತ ಟೀಚರುಗಳಿಗೆ ಹೇಳಬೇಕಾಗಿಲ್ಲ.

ಮೊದಲ ಶನಿವಾರ ಮೇಷ್ಟ್ರು ಹಳೆಯ ಸ್ಪೀಕರಿನ ಅಯಸ್ಕಾಂತ ತಂದರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಳೆನೀರು ಹರಿದು ಚರಂಡಿ ಪಕ್ಕ ನಿಂತ ಕಪ್ಪು ಮರಳಿನಲ್ಲಿ ಆಡಿಸಿದರೆ ಮರಳು ಮುಳ್ಳುಹಂದಿಯ ಹಾಗೆ ಎದ್ದು ನಿಲ್ಲುತ್ತದೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಕವರ್ ಮುಖ್ಯ. ಇಲ್ಲದಿದ್ದರೆ ಆ ಮರಳನ್ನು ಅಯಸ್ಕಾಂತದಿಂದ ಬಿಡಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ನಮಗೂ ಹಾಗೇ ಆಯಿತು.

ಮುಂದಿನ ವಾರ ಒಬ್ಬ ಹುಡುಗ ರಸ್ತೆ ಅಗಲ ಮಾಡುವಾಗ ಬಿದ್ದ ಕಲ್ಲೊಂದನ್ನು ತಂದ. ಪಟ್ಟೆ ಪಟ್ಟೆ ಕಲ್ಲು. ಒಂದು ಸಾಲು ಕೆಂಪು, ಒಂದು ಸಾಲು ಕಪ್ಪು, ಒಂದು ಸಾಲು ಬೂದು. ಗಾತ್ರಕ್ಕಿಂತ ಭಾರ ಜಾಸ್ತಿ. ಬಾತ್‌ರೂಮ್ ಟೈಲ್ಸಿನ ಹಿಂಬದಿಯ ಒರಟು ಮೈಗೆ ಕೆಂಪು ಪಟ್ಟೆಯನ್ನು ಉಜ್ಜಿದೆವು. ಕುಂಕುಮ ಕಲಸಿದ ಹಾಗೆ ಕೆಂಪು ಗೆರೆ. ಅದು ಹೆಮಟೈಟ್, ಅದೂ ಕಬ್ಬಿಣದ ಅದಿರೇ. ಕಪ್ಪು ಪಟ್ಟೆ ಕಪ್ಪು ಗೆರೆಯನ್ನೇ ಬಿಟ್ಟಿತು, ಅಯಸ್ಕಾಂತಕ್ಕೂ ಅಂಟಿತು. ಬೂದು ಪಟ್ಟೆಗೆ ಮೊಳೆಯಿಂದ ಗೀರಿದರೆ ಮೊಳೆಯೇ ಸವೆಯುತ್ತದೆ, ಅದು ಸಿಲಿಕಾ. ಬಾಬಾಬುಡನ್ ಬೆಟ್ಟದ ಸಾಲು ತುಂಬ ಇದೇ ಕಲ್ಲು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಕೆಮ್ಮಣ್ಣುಗುಂಡಿಯೂ ಇದೇ ಸಾಲಿನಲ್ಲಿದೆ, ಹೆಸರಿನಲ್ಲೇ ಕೆಂಪು ಮಣ್ಣು ಇದೆ.

ಆಮೇಲೆ ಹಗ್ಗ. ಭೂಮಿಗೆ 460 ಕೋಟಿ ವರ್ಷ. ಮೈದಾನದಲ್ಲಿ 46 ಮೀಟರ್ ಹಗ್ಗ ಎಳೆದು, ಒಂದು ಮೀಟರಿಗೆ ಹತ್ತು ಕೋಟಿ ವರ್ಷ ಅಂದೆವು. ಒಂದು ತುದಿ ಇವತ್ತು. ಡೈನೋಸಾರ್ ಮುಗಿದದ್ದು ಇವತ್ತಿನಿಂದ 66 ಸೆಂಟಿಮೀಟರ್ ಹಿಂದೆ. ನೆಲದ ಮೇಲೆ ಗಿಡ ಬಂದಿದ್ದು ಐದು ಮೀಟರಿನ ಒಳಗೆ. ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅನ್ನುವ ಹದಿನೇಳನೇ ಶತಮಾನ ಹಗ್ಗದ ಮೇಲೆ ಕೂದಲಿನ ದಪ್ಪಕ್ಕೂ ಬರಲಿಲ್ಲ. ಪಟ್ಟೆ ಕಲ್ಲು ಹಿಡಿದಿದ್ದ ಹುಡುಗನನ್ನು ಮೇಷ್ಟ್ರು ನಡೆಸಿಕೊಂಡು ಹೋದರು, ಹೋದರು, 25 ಮೀಟರ್ ದಾಟಿಸಿ ನಿಲ್ಲಿಸಿದರು. ಅಲ್ಲಿಂದ ಅವನ ಧ್ವನಿ ನಮಗೆ ಸರಿಯಾಗಿ ಕೇಳುತ್ತಿರಲಿಲ್ಲ.

ಆ ಕಾಲದ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕ ಸೇರಿ ತುಕ್ಕಾಗಿ ತಳಕ್ಕೆ ಕೂತಿತು, ಅದೇ ಈ ಕಲ್ಲು ಅಂತ ವಿವರಿಸಿದೆ. ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ ಇದು. ಲೈನ್ ಮನೆಯ ಒಬ್ಬ ಹುಡುಗಿ ಗಿಡದ ಗುರುತಿನ ಹತ್ತಿರ ನಿಂತಿದ್ದಳು. 'ಗಿಡ ಇಲ್ಲಿದೆ, ಕಲ್ಲು ಅಲ್ಲಿದೆ. ಎಲೆನೇ ಇಲ್ದಾಗ ಆಮ್ಲಜನಕ ಎಲ್ಲಿಂದ ಬಂತು ಮಿಸ್?'

ಉತ್ತರ ಅವಳ ಕಾಲ ಹತ್ತಿರವೇ ಇತ್ತು. ಮಳೆಗಾಲದಲ್ಲಿ ಮೈದಾನದ ಮೂಲೆಯಲ್ಲಿ ಕಪ್ಪು ಹಸಿರು ಲೋಳೆ ಹರಡಿರುತ್ತದೆ. ಎಲ್ಲರೂ ಅದರ ಮೇಲೆ ಜಾರಿ ಬಿದ್ದವರೇ. ಒಂದು ಚೂರು ತೆಗೆದು ಸ್ಲೈಡಿನಲ್ಲಿ ಒತ್ತಿ ನೋಡಿದೆವು. ಹಸಿರು ಮಣಿಸರ. ನಾಸ್ಟಾಕ್, ಒಂದು ಸಯನೋಬ್ಯಾಕ್ಟೀರಿಯಾ. ಇದರ ಹಳೆಯ ನೆಂಟರೇ ಎಲೆ ಹುಟ್ಟುವ ಎಷ್ಟೋ ಮೊದಲು ಬಿಸಿಲು, ನೀರು ಬಳಸಿ ಆಮ್ಲಜನಕ ಬಿಟ್ಟವರು. ಬೀನ್ಸ್ ಎಲೆಯಲ್ಲಿ ನಾವು ನೋಡಿದ ಅದೇ ಕೆಲಸ.

ತುಕ್ಕು ತಳಕ್ಕೆ ಕೂರುವುದನ್ನು ತೋರಿಸಲು ಲ್ಯಾಬಿನ ಫೆರಸ್ ಸಲ್ಫೇಟ್ ತೆಗೆದೆ. ತಿಳಿ ಹಸಿರು ಹರಳು ಇರಬೇಕಾದ ಬಾಟಲಿಯಲ್ಲಿ ಕಂದು ಪುಡಿ. ಮುಚ್ಚಳ ಸಡಿಲ ಬಿಟ್ಟಿದ್ದವಳು ನಾನೇ. ಮೊದಲು ಬೇಜಾರಾಯಿತು. ಮೇಷ್ಟ್ರು, 'ಪ್ರಯೋಗ ಆಗಲೇ ಆಗಿಹೋಗಿದೆಯಲ್ಲ ಮೇಡಂ' ಅಂತ ಬಾಟಲಿಯನ್ನೇ ಕ್ಲಾಸಿಗೆ ಒಯ್ದರು. ಹೊಸ ಹರಳು ಬಂದ ಮೇಲೆ ಸರಿಯಾಗಿ ಮಾಡಿದೆವು. ಕುದಿಸಿ, ಮುಚ್ಚಿಟ್ಟು ಆರಿಸಿದ ನೀರಿನಲ್ಲಿ ಕರಗಿಸಿ, ಒಂದು ಬಾಟಲಿ ತುಂಬ ಸುರಿದು ಬಿಗಿಯಾಗಿ ಮುಚ್ಚಿದೆವು. ಇನ್ನೊಂದನ್ನು ಅರ್ಧ ತುಂಬಿಸಿ ತೆರೆದಿಟ್ಟೆವು. ಸೋಮವಾರ ಬಂದು ನೋಡಿದರೆ ತೆರೆದದ್ದರ ನೀರು ಕಂದಾಗಿ ತಳದಲ್ಲಿ ಗಸಿ ಕೂತಿತ್ತು. ಮುಚ್ಚಿದ್ದು ಹೆಚ್ಚು ಬದಲಾಗಿರಲಿಲ್ಲ.

ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಜಾಸ್ತಿ ಬಂತಾ ಅಂತ ಕೇಳುವವರಿದ್ದಾರೆ. ಪತ್ರರಂಧ್ರದ ಚಿತ್ರವನ್ನು ಈಗ ಎಲ್ಲರೂ ಸರಿಯಾಗಿ ಬರೆಯುತ್ತಾರೆ, ಅಷ್ಟು ಹೇಳಬಲ್ಲೆ. ಡಿಸೆಂಬರ್ ಬಂತೆಂದರೆ ನಮ್ಮಲ್ಲೂ ಹಗ್ಗ, ಅಯಸ್ಕಾಂತ ಎಲ್ಲ ಬೀರು ಸೇರುತ್ತವೆ. ಹಳೆಯ ಪ್ರಶ್ನೆಪತ್ರಿಕೆ ಹೊರಗೆ ಬರುತ್ತವೆ. ಕಾಫಿ ಹಣ್ಣಿನ ಕೊಯ್ಲೂ ಆಗಲೇ, ಮಕ್ಕಳು ಅರ್ಧ ಕಣದಲ್ಲಿ ಇರುತ್ತಾರೆ.

ಪಟ್ಟೆ ಕಲ್ಲು ಮಾತ್ರ ಬೀರುವಿಗೆ ಹೋಗಿಲ್ಲ. ಗಾಳಿಗೆ ಬಡಿದುಕೊಳ್ಳುವ ಲ್ಯಾಬಿನ ಬಾಗಿಲಿಗೆ ಆನಿಸಿ ಇಟ್ಟಿದ್ದೇವೆ. ಕಳೆದ ತಿಂಗಳು ಎಂಟನೇ ಕ್ಲಾಸಿನ ಒಬ್ಬಳು ಅದನ್ನು ಎತ್ತಲು ಹೋಗಿ, ಭಾರಕ್ಕೆ ಅಲ್ಲೇ ಕೂತು, ಗೆರೆ ಎಣಿಸತೊಡಗಿದಳು. 'ಮಿಸ್, ಪಟ್ಟೆ ಪಟ್ಟೆ ಯಾಕಿದೆ? ಒಂದೇ ಸಲ ತುಕ್ಕು ಹಿಡೀಲಿಲ್ವಾ?' ಅದರ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಜಗಳ ಇದೆ ಅಂದೆ. 'ಹಾಗಾದ್ರೆ ಪರೀಕ್ಷೆಗೆ ಬರಲ್ಲ ಬಿಡಿ' ಅಂದಳು. ಎಣಿಸುವುದನ್ನು ಮಾತ್ರ ಬಿಡಲಿಲ್ಲ.