ಕೀಮೊ ಮುಗಿಸಿ ಮನೆಗೆ ಬಂದ ಮೇಲಿನ 21 ದಿನ

ಕೀಮೊ ಕೊಡುವುದು ಆಸ್ಪತ್ರೆಯ ಕೆಲಸ. ಆಮೇಲಿನ ವಾಂತಿ, ಸುಸ್ತು, ಬಾಯಿಹುಣ್ಣು, ನಿದ್ದೆಗೇಡುಗಳೆಲ್ಲ ಮನೆಯವರ ಪಾಲಿನವು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು ಅಲ್ಲಿನ ಡೇ ಕೇರ್ ವಿಭಾಗದಲ್ಲಿ ಕೀಮೊ ಡ್ರಿಪ್ ಮುಗಿಸಿ, ಮಾತ್ರೆಗಳ ಚೀಟಿ ಹಿಡಿದು ಅದೇ ಸಂಜೆ ಊರಿನ ಬಸ್ ಹತ್ತುತ್ತಾರೆ. ಮುಂದಿನ ತಾರೀಖು ಸಾಮಾನ್ಯವಾಗಿ 21 ದಿನಗಳ ಆಚೆಗೆ ಇರುತ್ತದೆ. ಅಷ್ಟು ದಿನಗಳನ್ನು ಮನೆಯಲ್ಲಿ ಹೇಗೆ ಕಳೆಯಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಒಂದು ಕಾರಣ ತಿಳಿದಿರಲಿ. ಬೇಗಬೇಗ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುವುದು ಕೀಮೊ ಔಷಧಿಗಳ ಗುಣ. ಕ್ಯಾನ್ಸರ್ ಕೋಶಗಳ ಜೊತೆಗೆ ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬುಡ, ರಕ್ತ ತಯಾರಾಗುವ ಮೂಳೆಮಜ್ಜೆ ಇವಕ್ಕೂ ಪೆಟ್ಟು ಬೀಳುತ್ತದೆ. ಒಂದೊಂದಕ್ಕೆ ಬಿದ್ದ ಪೆಟ್ಟು ಒಂದೊಂದು ದಿನ ಹೊರಗೆ ಕಾಣಿಸಿಕೊಳ್ಳುವುದರಿಂದ ಅಡ್ಡಪರಿಣಾಮಗಳಿಗೂ ಒಂದು ವೇಳಾಪಟ್ಟಿ ಇದೆ. ವಾಂತಿ, ಓಕರಿಕೆ ಮೊದಲ ನಾಲ್ಕೈದು ದಿನ. ಬಾಯಿಹುಣ್ಣು ವಾರದ ಹೊತ್ತಿಗೆ. ಬಿಳಿ ರಕ್ತಕಣಗಳ ‘ಕೌಂಟ್’ ತೀರಾ ಕೆಳಗಿಳಿಯುವುದು ಹೆಚ್ಚಾಗಿ 7ರಿಂದ 14ನೇ ದಿನದ ನಡುವೆ. ಮೂರನೇ ವಾರ ತುಸು ಉಸಿರಾಡಲು ಬಿಡುವು. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಕೀಮೊ ಪಡೆಯುವವರಿಗೆ ಈ ಲೆಕ್ಕ ಬದಲಾಗುತ್ತದೆ. ನಿಮ್ಮದು ಯಾವುದೆಂದು ವೈದ್ಯರನ್ನೇ ಕೇಳಿ.

ಇನ್ನೊಂದು ಮಾತು, ಇದು ನನ್ನ ತಕರಾರು. ನಮ್ಮಲ್ಲಿ ಕೀಮೊ ಎಂದರೆ ಸಂಕಟ ಇದ್ದದ್ದೇ, ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಅದರಲ್ಲೂ ಹೆಂಗಸರು ‘ಡಾಕ್ಟರಿಗೆ ಯಾಕೆ ತೊಂದರೆ’ ಎಂದು ಸುಮ್ಮನಿದ್ದುಬಿಡುತ್ತಾರೆ. ಅಮೆರಿಕದಲ್ಲಿ 766 ಕೀಮೊ ರೋಗಿಗಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತಮ್ಮ ತೊಂದರೆಗಳನ್ನು ಕಂಪ್ಯೂಟರ್ ಮೂಲಕ ಆಗಿಂದಾಗ್ಗೆ ತಿಳಿಸುತ್ತಿದ್ದವರು, ಮಾಮೂಲಿ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರಿಗಿಂತ ಸರಾಸರಿ ಐದು ತಿಂಗಳು ಹೆಚ್ಚು ಬದುಕಿದ್ದರು. ಹೇಳಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗ.

ಮೊದಲ ಡ್ರಿಪ್‌ಗಿಂತ ಮುಂಚೆ

ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಹಣೆ ಮುಟ್ಟಿ ಜ್ವರ ನೋಡುವ ಪದ್ಧತಿಗೆ ಕೀಮೊ ಮುಗಿಯುವವರೆಗೆ ರಜೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಡ್ರಿಪ್ ಹಾಕಿದ ದಿನವನ್ನು 1 ಎಂದು ಬರೆದು ಎಣಿಸುತ್ತಾ ಹೋಗಿ. ಔಷಧಿಗಳ ಹೆಸರು ಕೇಳಿ ಬರೆದುಕೊಳ್ಳಿ. ‘ಯಾವುದೋ ಕೆಂಪು ನೀರು ಹಾಕಿದರು’ ಎಂದರೆ ಊರಿನ ವೈದ್ಯರಿಗೆ ಅರ್ಥವಾಗುವುದು ಕಷ್ಟ. ಡಿಸ್ಚಾರ್ಜ್ ಸಮ್ಮರಿ ಮತ್ತು ರಕ್ತ ಪರೀಕ್ಷೆಯ ವರದಿಗಳ ಫೋಟೊ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ರಾತ್ರಿ ಹೊತ್ತು ಕರೆ ಮಾಡಬೇಕಾದ ಸಂಖ್ಯೆ ಯಾವುದು, ಊರಿಗೆ ಹತ್ತಿರ 24 ಗಂಟೆಯೂ ತೆರೆದಿರುವ ಆಸ್ಪತ್ರೆ ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಹುಳುಕು ಹಲ್ಲಿದ್ದರೆ ಕೀಮೊ ಶುರುವಾಗುವ ಮುನ್ನವೇ ದಂತವೈದ್ಯರಿಗೆ ತೋರಿಸಬೇಕು. ಕೌಂಟ್ ಇಳಿದ ಮೇಲೆ ಹಲ್ಲು ಕೀಳಿಸುವುದು ಅಪಾಯ.

ಡ್ರಿಪ್ ಹಾಕಿದ ದಿನ

ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು, ಊತ ಕಂಡರೆ ತಕ್ಷಣ ನರ್ಸ್‌ಗೆ ಹೇಳಿ. ಕೆಲವು ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವನ್ನೇ ಸುಡುತ್ತವೆ. ಬಾಟಲಿ ಮುಗಿಯಲಿ ಎಂದು ಕಾಯುವಂತಿಲ್ಲ.

ಡಾಕ್ಸೊರುಬಿಸಿನ್ ಪಡೆದವರಿಗೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಆಕ್ಸಾಲಿಪ್ಲಾಟಿನ್ ಪಡೆದವರು ಕೆಲವು ದಿನ ತಣ್ಣಗಿನದ್ದನ್ನು ಮುಟ್ಟಬಾರದು, ಕುಡಿಯಬಾರದು. ಫ್ರಿಜ್‌ಗೆ ಕೈ ಹಾಕಿದರೆ ಬೆರಳಿಗೆ ಮುಳ್ಳು ಚುಚ್ಚಿದಂತಾಗಬಹುದು, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗಬಹುದು. ಮುಖ ತೊಳೆಯಲೂ ಬೆಚ್ಚಗಿನ ನೀರೇ ಇರಲಿ.

ಮೊದಲ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಶೌಚಾಲಯಕ್ಕೆ ಹೆಚ್ಚು ನೀರು ಹಾಕಿ, ಫ್ಲಶ್ ಇದ್ದರೆ ಮುಚ್ಚಳ ಮುಚ್ಚಿ ಎರಡು ಸಲ ಒತ್ತಿ. ವಾಂತಿಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಬೇಕು. ಗರ್ಭಿಣಿಯರು ಈ ಕೆಲಸಕ್ಕೆ ಬೇಡ. ಇಷ್ಟು ಹೇಳಿದ ಕೂಡಲೇ ರೋಗಿಯ ತಟ್ಟೆ, ಹಾಸಿಗೆಗಳನ್ನು ದೂರ ಇಡುವವರಿದ್ದಾರೆ. ಅದರ ಅಗತ್ಯವಿಲ್ಲ. ಜೊತೆಗೆ ಕೂತು ಉಣ್ಣಬಹುದು, ಮೊಮ್ಮಗು ಅಜ್ಜಿಯ ಮಡಿಲಲ್ಲಿ ಕೂರಬಹುದು. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ.

ಮೊದಲ ನಾಲ್ಕೈದು ದಿನ: ವಾಂತಿ ಮತ್ತು ಊಟ

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗುವುದು ಎಲ್ಲರೂ ಮಾಡುವ ತಪ್ಪು. ಚೀಟಿಯಲ್ಲಿ ಮೂರು ದಿನ ಎಂದು ಬರೆದಿದ್ದರೆ, ಹೊಟ್ಟೆ ಸರಿಯಿದ್ದರೂ ಮೂರು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಓಕರಿಕೆ ಒಮ್ಮೆ ಹತ್ತಿಕೊಂಡರೆ ಇಳಿಸುವುದು ಕಷ್ಟ, ಬರದಂತೆ ತಡೆಯುವುದು ಸುಲಭ. ಒಲಾಂಜಪಿನ್ ಎಂಬ ಮಾತ್ರೆ ಬರೆದಿದ್ದರೆ ಗಾಬರಿ ಬೇಡ. ಮೊಬೈಲಿನಲ್ಲಿ ಹುಡುಕಿದರೆ ಅದು ಮಾನಸಿಕ ಕಾಯಿಲೆಯ ಔಷಧಿ ಎಂದು ಸಿಗುತ್ತದೆ, ನಿಜ. ಕಡಿಮೆ ಪ್ರಮಾಣದಲ್ಲಿ ಅದು ಕೀಮೊ ವಾಂತಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಿದ್ದೆ ಬರಿಸುವುದರಿಂದ ರಾತ್ರಿ ಕೊಡುತ್ತಾರೆ. ವಾಂತಿಗೆಂದೇ ಕೊಡುವ ಡೆಕ್ಸಾಮೆಥಾಸೋನ್ ಇದಕ್ಕೆ ತದ್ವಿರುದ್ಧ, ನಿದ್ದೆ ಕೆಡಿಸುತ್ತದೆ. ಬೆಳಗಿನ ತಿಂಡಿಯ ನಂತರ ತೆಗೆದುಕೊಳ್ಳಬಹುದೇ ಎಂದು ಕೇಳಿ. ಅದು ಸ್ಟೆರಾಯ್ಡ್ ಆದ್ದರಿಂದ ಸಕ್ಕರೆ ಕಾಯಿಲೆ ಇರುವವರ ಶುಗರ್ ಆ ದಿನಗಳಲ್ಲಿ ಏರುತ್ತದೆ, ಪರೀಕ್ಷಿಸುತ್ತಿರಬೇಕು. ಒಂಡಾನ್ಸೆಟ್ರಾನ್ ಎಂಬ ವಾಂತಿ ಮಾತ್ರೆ ಮಲ ಕಟ್ಟಿಸುತ್ತದೆ. ಎರಡು ದಿನ ಮಲವಿಸರ್ಜನೆ ಆಗದಿದ್ದರೆ ಔಷಧಿ ಕೇಳಿ ಪಡೆಯಿರಿ. ಎನಿಮಾ ಮಾತ್ರ ವೈದ್ಯರನ್ನು ಕೇಳದೆ ಬೇಡವೇ ಬೇಡ.

ಇನ್ನು ಅಡುಗೆಮನೆ. ಒಗ್ಗರಣೆಯ ಘಾಟೇ ಅರ್ಧ ವಾಂತಿಗೆ ಕಾರಣ. ರೋಗಿ ಇನ್ನೊಂದು ಕೋಣೆಯಲ್ಲೋ ಜಗಲಿಯಲ್ಲೋ ಇರುವಾಗ ಅಡುಗೆ ಮುಗಿಸಿ, ಬಿಸಿ ಆರಿದ ಮೇಲೆ ಬಡಿಸಿ. ಆರಿದ ಊಟಕ್ಕೆ ವಾಸನೆ ಕಡಿಮೆ. ಮೂರು ಹೊತ್ತಿನ ಪೂರ್ತಿ ಊಟದ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಗಂಜಿ, ರಾಗಿ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆತ್ತಗಿನ ಹೆಸರುಬೇಳೆ ಪೊಂಗಲ್, ಉತ್ತರ ಕರ್ನಾಟಕದವರಿಗೆ ಮಜ್ಜಿಗೆ ಕಲಸಿದ ಜೋಳದ ನುಚ್ಚು ಇವೆಲ್ಲ ಇಳಿಯುತ್ತವೆ. ರೊಟ್ಟಿಯೇ ಬೇಕೆನ್ನುವವರಿಗೆ ಬೇಳೆ ಕಟ್ಟಿನಲ್ಲಿ ನೆನೆಸಿ ಕೊಡಿ. ಬಾಯಿಗೆ ಕಬ್ಬಿಣದ ರುಚಿ ಬರುತ್ತಿದ್ದರೆ ಸ್ಟೀಲ್ ತಟ್ಟೆ, ಲೋಟ, ಚಮಚ ಬದಿಗಿಡಿ. ಬಾಳೆಲೆ, ಪಿಂಗಾಣಿ, ಗಾಜು ಒಳ್ಳೆಯದು. ಬಾಯಿಹುಣ್ಣು ಇಲ್ಲದಿದ್ದರೆ ಒಂದು ಹನಿ ನಿಂಬೆರಸವೂ ರುಚಿ ತರುತ್ತದೆ.

ಅವರಿಗೆ ಪ್ರಾಣವಾದ ತಿನಿಸನ್ನು ಈ ದಿನಗಳಲ್ಲಿ ಬಲವಂತ ಮಾಡಬೇಡಿ. ವಾಂತಿಯ ನೆನಪು ಅದಕ್ಕೆ ಅಂಟಿಕೊಂಡರೆ ಮುಂದೆ ತಿಂಗಳುಗಟ್ಟಲೆ ಅದನ್ನು ಕಂಡರಾಗುವುದಿಲ್ಲ.

ಪಥ್ಯದ ಹಾವಳಿಯೂ ಇಲ್ಲೇ ಶುರುವಾಗುವುದು. ಸಕ್ಕರೆ ತಿಂದರೆ ಗೆಡ್ಡೆ ಬೆಳೆಯುತ್ತದೆ, ಮೊಟ್ಟೆ ಉಷ್ಣ, ಹಾಲು ಕಫ ಎಂದು ಒಬ್ಬೊಬ್ಬ ನೆಂಟರು ಒಂದೊಂದನ್ನು ನಿಲ್ಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಬಿಸಿನೀರು. ಕೀಮೊ ಹೊತ್ತಿನಲ್ಲಿ ತೂಕ ಇಳಿಯುವುದು ದೊಡ್ಡ ಶತ್ರು. ಪೂರ್ತಿ ಬೆಂದ ಮೊಟ್ಟೆ, ಖಾರವಿಲ್ಲದ ಮೀನು ಅಥವಾ ಕೋಳಿ, ಬೇಳೆ, ಪನೀರ್, ಕಾಯಿಸಿದ ಹಾಲು ಅಗತ್ಯವಾಗಿ ಬೇಕು.

ಎರಡನೇ ವಾರ: ಜ್ವರಕ್ಕೆ ಹೆದರಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಅದು ರಾತ್ರಿ ಎರಡು ಗಂಟೆಯೇ ಆಗಿರಲಿ, ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ, ಒಂದು ಡೋಲೊ ಹಾಕಿ ನೋಡೋಣ ಎನ್ನುವಂತಿಲ್ಲ. ಡೋಲೊ ಜ್ವರವನ್ನು ಇಳಿಸಿ ಸೋಂಕನ್ನು ಮರೆಮಾಡುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ. ಬಿಳಿ ರಕ್ತಕಣ ಇಲ್ಲದ ದೇಹದಲ್ಲಿ ಕೀವು, ಊತ, ಕೆಂಪು ಯಾವುದೂ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಹಲವು ಸಲ ಜ್ವರವೊಂದೇ ಸುಳಿವು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗಬೇಕು ಎಂಬುದು ವೈದ್ಯರು ಒಪ್ಪಿರುವ ನಿಯಮ. ಜ್ವರವಿಲ್ಲದೆಯೂ ಗಡಗಡ ಚಳಿ, ಉಸಿರಾಟದ ಕಷ್ಟ, ತಲೆ ಸುತ್ತಿ ಬೀಳುವಂಥ ನಿಶ್ಶಕ್ತಿ ಇದ್ದರೂ ಹೊರಡಿ.

ಎಲ್ಲಿಗೆ? ಊರು ದೂರವಿದ್ದರೆ ಬೆಂಗಳೂರಿನ ಬಸ್ಸಿಗೆ ಕಾಯಬೇಡಿ. ಮೊದಲೇ ಗೊತ್ತು ಮಾಡಿಕೊಂಡ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಾಗಿಲಲ್ಲಿಯೇ ಹೇಳಬೇಕಾದ ಮಾತು: ‘ಕೀಮೊ ನಡೆಯುತ್ತಿದೆ, ಇಂದು ಹತ್ತನೇ ದಿನ, ಜ್ವರ ಇದೆ.’ ಹೊರರೋಗಿಗಳ ಸಾಲಿನಲ್ಲಿ ನಿಲ್ಲಬೇಡಿ. ಅಷ್ಟರಲ್ಲಿ ಒಬ್ಬರು ಕೀಮೊ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಲಿ.

ಈ ವಾರ ನೋಡಲು ಬರುವವರನ್ನು ತಡೆಯುವುದು ಔಷಧಿಗಿಂತ ಕಷ್ಟದ ಕೆಲಸ. ಹಣ್ಣು, ಎಳನೀರು ಹಿಡಿದು ದೊಡ್ಡಮ್ಮ ಬಂದರೆ ಬಾಗಿಲಲ್ಲೇ ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ: ಮೂರನೇ ವಾರ ಬನ್ನಿ, ಶೀತ ಕೆಮ್ಮು ಇದ್ದರೆ ಅದೂ ಬೇಡ. ರೋಗಿಯಿಂದ ಈ ಮಾತು ಹೇಳಿಸಬೇಡಿ, ಮನೆಯಲ್ಲಿ ನಿಷ್ಠುರರೆನಿಸಿಕೊಂಡವರು ಯಾರಾದರೂ ಇದ್ದೇ ಇರುತ್ತಾರೆ, ಅವರಿಗೆ ವಹಿಸಿ. ಮದುವೆ, ಜಾತ್ರೆಗಳನ್ನೂ ಈ ದಿನಗಳಿಗೆ ತಪ್ಪಿಸಿ. ಕೈ ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಹಸಿ ತರಕಾರಿ, ಹಣ್ಣುಗಳನ್ನು ಚೆನ್ನಾಗಿ ತೊಳೆದು ಮನೆಯಲ್ಲೇ ಹೆಚ್ಚಿ. ಬೀದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಸಮಾರಂಭದ ಕೋಸಂಬರಿ ಬೇಡ.

ದಾಳಿಂಬೆ ರಸವಾಗಲಿ ಬೀಟ್‌ರೂಟ್ ಆಗಲಿ ಬಿಳಿ ರಕ್ತಕಣಗಳ ಕೌಂಟ್ ಏರಿಸುವುದಿಲ್ಲ. ರುಚಿಗೆ ಕುಡಿಯಲಿ, ಅಷ್ಟೇ. ವೈದ್ಯರು ಬರೆದುಕೊಟ್ಟಿದ್ದರೆ ಕೌಂಟ್ ಏರಿಸುವ ಇಂಜೆಕ್ಷನ್ ಹೇಳಿದ ದಿನವೇ ಆಗಬೇಕು. ಅದರಿಂದ ಸೊಂಟ, ಎದೆಮೂಳೆ ನೋಯುವುದು ಸಾಮಾನ್ಯ. ಅಮೃತಬಳ್ಳಿ ಕಷಾಯದ ವಿಷಯದಲ್ಲಿ ಎಚ್ಚರ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು ದಾಖಲಿಸಿದ್ದಾರೆ. ಹಲವು ಕೀಮೊ ಔಷಧಿಗಳನ್ನು ದೇಹದಿಂದ ಹೊರಹಾಕುವ ಅಂಗವೂ ಯಕೃತ್ತೇ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಬೈಸಿಕೊಂಡರೂ ಪರವಾಗಿಲ್ಲ, ವೈದ್ಯರಿಗೆ ಹೇಳಿ.

ಬಾಯಿ ಮತ್ತು ಹೊಟ್ಟೆ

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಹುಣ್ಣು ಬರುವ ಮುನ್ನವೇ, ಪ್ರತಿ ಊಟದ ನಂತರ ಮತ್ತು ಮಲಗುವಾಗ, ಇದರಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಬ್ರಷ್ ಮೆತ್ತಗಿನದಿರಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ. ನೀರೂ ಇಳಿಯದಷ್ಟು ಹುಣ್ಣಾದರೆ ಅದು ಮನೆಯಲ್ಲಿ ನೋಡಿಕೊಳ್ಳುವ ವಿಷಯವಲ್ಲ.

ಭೇದಿಗೆ ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಫೋನ್ ಮಾಡಿ. ಕ್ಯಾಪೆಸಿಟಬಿನ್ ಎಂಬ ಕೀಮೊ ಮಾತ್ರೆ ನುಂಗುತ್ತಿರುವವರು ಅಂಥ ಹೊತ್ತಿನಲ್ಲಿ ಮುಂದಿನ ಮಾತ್ರೆ ನುಂಗದೆ ಮೊದಲು ವೈದ್ಯರನ್ನು ಕೇಳಬೇಕು.

ಕೂದಲು, ಸುಸ್ತು, ಕೈಕಾಲು

ಎಲ್ಲ ಕೀಮೊಗೂ ಕೂದಲು ಉದುರುವುದಿಲ್ಲ. ಉದುರುವುದಾದರೆ ಮೊದಲ ಡ್ರಿಪ್‌ನ ಎರಡು ಮೂರು ವಾರಕ್ಕೆ ಶುರುವಾಗಿ ದಿಂಬಿನ ಮೇಲೆ, ಬಚ್ಚಲಲ್ಲಿ ಗೊಂಚಲು ಗೊಂಚಲಾಗಿ ಬರುತ್ತದೆ. ಮೊದಲೇ ಚಿಕ್ಕದಾಗಿ ಕತ್ತರಿಸಿಕೊಂಡರೆ ಆ ನೋಟ ತುಸು ಹಗುರ. ಆದರೆ ಹೆಣ್ಣಿನ ಬೋಳುತಲೆಗೆ ನಮ್ಮ ಸಮಾಜ ಕೊಟ್ಟಿದ್ದ ಅರ್ಥ ಹಿರಿಯ ಹೆಂಗಸರ ಮನಸ್ಸಿನಲ್ಲಿ ಇನ್ನೂ ಕುಟುಕುತ್ತದೆ. ‘ಕೂದಲು ತಾನೇ, ಮತ್ತೆ ಬರುತ್ತದೆ’ ಎಂದು ಗಂಡಸರು ಸಲೀಸಾಗಿ ಹೇಳುವುದಕ್ಕೆ ಮುಂಚೆ ಅದನ್ನು ಯೋಚಿಸಬೇಕು. ಯಾವಾಗ ಬೋಳಿಸಬೇಕು, ಸೆರಗು ಹೊದೆಯಬೇಕೋ ಸ್ಕಾರ್ಫ್ ಕಟ್ಟಬೇಕೋ ವಿಗ್ ಬೇಕೋ ಎಂಬುದು ಅವರದೇ ತೀರ್ಮಾನ. ಬರುವುದಂತೂ ನಿಜ: ಚಿಕಿತ್ಸೆ ಮುಗಿದ ಒಂದರಿಂದ ಮೂರು ತಿಂಗಳೊಳಗೆ ಸಾಮಾನ್ಯವಾಗಿ ಮೊಳೆಯುತ್ತದೆ, ಕೆಲವರಿಗೆ ಗುಂಗುರಾಗಿ.

ಸುಸ್ತಿಗೆ ಹಾಸಿಗೆಯೇ ಮದ್ದಲ್ಲ. ದಿನಕ್ಕೆರಡು ಸಲ ಅಂಗಳದಲ್ಲಿ ಹತ್ತು ನಿಮಿಷ ನಡೆದವರಿಗೆ ಮಲಗಿಯೇ ಇದ್ದವರಿಗಿಂತ ಸುಸ್ತು ಕಡಿಮೆ. ಸ್ನಾನಕ್ಕೆ, ತರಕಾರಿ ಹೆಚ್ಚಲು ಕುರ್ಚಿ ಹಾಕಿಕೊಳ್ಳಿ. ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ಹಿಮೋಗ್ಲೋಬಿನ್ ಪರೀಕ್ಷಿಸಬೇಕು.

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತದೆ. ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ ಮೈಮೇಲೆ ಹಾಕಿಕೊಳ್ಳಿ. ಮನೆಯೊಳಗೂ ಮೆತ್ತಗಿನ ಚಪ್ಪಲಿ ಇರಲಿ, ಕಾಲಿಗೆ ಗಾಯವಾದರೂ ಗೊತ್ತಾಗುವುದಿಲ್ಲ. ಅಂಗಿಯ ಗುಂಡಿ, ಕುಪ್ಪಸದ ಹುಕ್ಕು ಹಾಕಲಾಗುತ್ತಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುತ್ತಿಲ್ಲ ಎಂದಾದರೆ ನೋಟ್‌ಬುಕ್‌ನಲ್ಲಿ ಬರೆದು, ಮುಂದಿನ ಡ್ರಿಪ್ ಹಾಕುವ ಮುನ್ನವೇ ವೈದ್ಯರಿಗೆ ತೋರಿಸಿ. ಆಗ ಅವರು ಪ್ರಮಾಣ ತಗ್ಗಿಸಬಹುದು, ಔಷಧಿ ಬದಲಿಸಬಹುದು. ಕೀಮೊ ಸುತ್ತುಗಳೆಲ್ಲ ಮುಗಿದ ಮೇಲೆ ಹೇಳಿದರೆ ಆ ದಾರಿಗಳು ಉಳಿದಿರುವುದಿಲ್ಲ, ಜೋಮು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.