ಜಿಪಿಎಸ್‌ ಅಂಕೆಯ ಆಂದೋಲಕವನ್ನು ಹದಗೊಳಿಸಿದ ನನ್ನ ಅನುಭವ

ಬೆಂಗಳೂರಿನ ನನ್ನ ಮನೆಯಲ್ಲಿ ಹಗಲಿರುಳು ಚಾಲೂ ಇರುವ ಉಪಕರಣಗಳಲ್ಲಿ ಟ್ರಿಂಬಲ್ ಥಂಡರ್‌ಬೋಲ್ಟ್ ಎಂಬ ಜಿಪಿಎಸ್‌ಡಿಓ ಒಂದು. ಜಿಪಿಎಸ್‌ಡಿಓ ಎಂದರೆ ಜಿಪಿಎಸ್ ಉಪಗ್ರಹಗಳ ಕಾಲಕ್ಕೆ ತನ್ನನ್ನು ತಿದ್ದಿಕೊಳ್ಳುತ್ತ ನಿಖರ ಆವರ್ತನ ಕೊಡುವ ಆಂದೋಲಕ. ಇಂಥ ಘಟಕಗಳು ಮೊಬೈಲ್ ಜಾಲಗಳ ಬೇಸ್ ಸ್ಟೇಷನ್‌ಗಳಿಂದ ಕಳಚಿ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಮಾರುಕಟ್ಟೆಗೆ ಬಂದದ್ದರಿಂದಲೇ ಹವ್ಯಾಸಿಗಳ ಕೈಗೆಟುಕಿದವು. ಆಂಟೆನಾ ಜೋಡಿಸಿ ವಿದ್ಯುತ್ ಕೊಟ್ಟರೆ ಸಾಕು, ಅದು ತಾನಾಗಿಯೇ ಉಪಗ್ರಹಗಳನ್ನು ಹಿಡಿದು 10 ಮೆಗಾಹರ್ಟ್ಸ್ ಸಂಕೇತವನ್ನೂ ಸೆಕೆಂಡಿಗೊಂದು ಪಲ್ಸನ್ನೂ ಕೊಡತೊಡಗುತ್ತದೆ. ಆದರೆ ಕಾರ್ಖಾನೆಯ ಹೊಂದಾಣಿಕೆ ಎಲ್ಲ ಘಟಕಗಳಿಗೂ ಎಲ್ಲ ಊರುಗಳಿಗೂ ಸಲ್ಲಲೆಂದು ಮಾಡಿದ್ದು. ಅದನ್ನು ನನ್ನ ಘಟಕದೊಳಗೆ ಮಿಡಿಯುವ ಸ್ಫಟಿಕದ ಹರಳಿಗೆ, ನನ್ನ ಕೋಣೆಯ ತಾಪಕ್ಕೆ, ನಮ್ಮ ತಲೆಯ ಮೇಲಿನ ಆಕಾಶಕ್ಕೆ ಹೊಂದಿಸಿದ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಈ ಪೆಟ್ಟಿಗೆಯೊಳಗೆ ಎರಡು ಗಡಿಯಾರಗಳಿವೆ ಎಂದು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ಒಂದು, ಸದಾ ಬಿಸಿಯಾಗಿರುವ ಪುಟ್ಟ ಓವನ್‌ನೊಳಗಿನ ಸ್ಫಟಿಕ ಆಂದೋಲಕ. ಒಳ್ಳೆಯದಾದರೆ ಅದು ಒಂದು ಸೆಕೆಂಡಿನಿಂದ ನೂರಾರು ಸೆಕೆಂಡುಗಳವರೆಗೆ ಲಕ್ಷ ಕೋಟಿಗೆ ಕೆಲವೇ ಭಾಗಗಳಷ್ಟು ಸ್ಥಿರವಾಗಿರುತ್ತದೆ, ಆದರೆ ಗಂಟೆ, ದಿನಗಳ ಲೆಕ್ಕದಲ್ಲಿ ತಾಪ ಮತ್ತು ವಯಸ್ಸು ಅದನ್ನು ನಿಧಾನವಾಗಿ ದಾರಿ ತಪ್ಪಿಸುತ್ತವೆ. ಇನ್ನೊಂದು, ಉಪಗ್ರಹಗಳಿಂದ ಬರುವ ಕಾಲ. ಅದರಲ್ಲಿ ಕ್ಷಣಕ್ಷಣಕ್ಕೂ ಹಲವು ನ್ಯಾನೊಸೆಕೆಂಡುಗಳ ತೊನೆದಾಟವಿರುತ್ತದೆ. ಆ ತೊನೆದಾಟ 10 ನ್ಯಾನೊಸೆಕೆಂಡ್ ಎಂದಿಟ್ಟುಕೊಂಡರೆ ಒಂದು ಸೆಕೆಂಡಿನ ಅಳತೆಯಲ್ಲಿ ಅದು ಹತ್ತು ಕೋಟಿಗೆ ಒಂದು ಭಾಗ, ಅಂದರೆ ಹರಳಿಗಿಂತ ಬಹಳ ಕೀಳು. ಅದೇ 10 ನ್ಯಾನೊಸೆಕೆಂಡನ್ನು ಇಡೀ ದಿನಕ್ಕೆ ಹರಡಿದರೆ ಲಕ್ಷ ಕೋಟಿಗೆ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ, ಅಂದರೆ ಯಾವ ಹರಳಿಗೂ ನಿಲುಕದ ಮಟ್ಟ. ಹರಳನ್ನು ಎಷ್ಟು ಹೊತ್ತು ನಂಬಬೇಕು, ಎಲ್ಲಿಂದ ಮುಂದೆ ಉಪಗ್ರಹದ ಮಾತು ಕೇಳಬೇಕು ಎಂಬುದನ್ನು ನಿರ್ಧರಿಸುವುದೇ ಹದಗೊಳಿಸುವಿಕೆ. ಆ ಹೊತ್ತನ್ನು ಸೆಕೆಂಡುಗಳಲ್ಲಿ ಹೇಳುವ ಅಂಕಿಯೇ ಕಾಲಸ್ಥಿರಾಂಕ.

ಅದಕ್ಕೂ ಮುಂಚಿನ ಸಿದ್ಧತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಂಟೆನಾ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮರೆ ಇಲ್ಲದ ಕಡೆ ಇರಬೇಕು. ಸ್ಥಾನದಲ್ಲಿ ಒಂದು ಮೀಟರ್ ತಪ್ಪು ಉಳಿದರೆ ಕಾಲದಲ್ಲಿ ಸುಮಾರು 3 ನ್ಯಾನೊಸೆಕೆಂಡ್ ತಪ್ಪು ನುಸುಳಬಹುದಾದ್ದರಿಂದ ಘಟಕವನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ಲೇಡಿ ಹೆದರ್ ತಂತ್ರಾಂಶದಿಂದ ದೀರ್ಘ ಸರ್ವೆ (ಸ್ಥಾನವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದು) ಮಾಡಿಸಿ ಸ್ಥಾನವನ್ನು ಸ್ಥಿರಗೊಳಿಸಿದೆ. ಕೇಬಲ್ಲಿನ ಪ್ರತಿ ಮೀಟರಿಗೆ ಹತ್ತಿರಹತ್ತಿರ 4 ನ್ಯಾನೊಸೆಕೆಂಡ್ ವಿಳಂಬವನ್ನು ತುಂಬಬೇಕು. ಆವರ್ತನ ಮಾತ್ರ ಬೇಕಾದವರಿಗೆ ಅದರ ಗೊಡವೆ ಇಲ್ಲ. ಬಹುಕಾಲ ಆರಿದ್ದ ಹರಳು ಮತ್ತೆ ನೆಲೆಗೊಳ್ಳಲು ವಾರಗಳೇ ಬೇಕಾಗುವುದರಿಂದ ಯುಪಿಎಸ್ ಅನಿವಾರ್ಯ. ಪೆಟ್ಟಿಗೆಯನ್ನು ಫ್ಯಾನಿನ ಗಾಳಿ ಬೀಸದ ಕಪಾಟಿನೊಳಗೆ, ದಪ್ಪ ಅಲ್ಯೂಮಿನಿಯಂ ತಟ್ಟೆಯ ಮೇಲೆ ಇಟ್ಟಿದ್ದೇನೆ. 2017ರ ಜುಲೈ 30ರಂದು ದಿನಾಂಕ ಲೆಕ್ಕ ಹಾಕಲು ಘಟಕ ಬಳಸುವ ವಾರಗಳ ಎಣಿಕೆ ಮಗುಚಿಕೊಂಡು ಹಿಂದಕ್ಕೆ ಹೋದಾಗಿನಿಂದ ಈ ಮಾದರಿ ತೋರಿಸುವ ದಿನಾಂಕ 1024 ವಾರ ಹಿಂದಿರುತ್ತದೆ. ಪಲ್ಸಿನ ನಿಖರತೆಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಮೊದಲು ಅಳೆದದ್ದು ನಿಯಂತ್ರಣ ವೋಲ್ಟೇಜಿನ, ಅಂದರೆ ಘಟಕ ಹರಳಿನ ಆವರ್ತನವನ್ನು ತಿದ್ದಲು ಬಳಸುವ ವೋಲ್ಟೇಜಿನ, ಪ್ರಭಾವವನ್ನು. ಒಂದು ವೋಲ್ಟ್ ಬದಲಾದರೆ ಆವರ್ತನ ಎಷ್ಟು ಹರ್ಟ್ಸ್ ಬದಲಾಗುತ್ತದೆ ಎಂಬ ಈ ಸಂಖ್ಯೆ ತಪ್ಪಿದ್ದರೆ ನಾವು ಕೊಡುವ ಕಾಲಸ್ಥಿರಾಂಕಕ್ಕೂ ಡ್ಯಾಂಪಿಂಗಿಗೂ (ತಿದ್ದುವಾಗ ಅತ್ತಿತ್ತ ತೂಗಾಡದಂತೆ ತಡೆಯುವ ಅಂಕಿ) ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಘಟಕ ತನ್ನ ಲೆಕ್ಕವನ್ನೆಲ್ಲ ಅದರ ಮೇಲೆಯೇ ಕಟ್ಟುತ್ತದೆ. ಉಪಗ್ರಹದ ಹಿಡಿತವನ್ನು ತಾತ್ಕಾಲಿಕವಾಗಿ ಬಿಡಿಸಿ, ವೋಲ್ಟೇಜನ್ನು ಸ್ಥಿರವಾಗಿಟ್ಟು ಫೇಸ್, ಅಂದರೆ ಹರಳಿನ ಕಾಲಕ್ಕೂ ಉಪಗ್ರಹದ ಕಾಲಕ್ಕೂ ಇರುವ ಅಂತರ, ಸರಿಯುವ ವೇಗವನ್ನು ದಾಖಲಿಸಿಕೊಂಡೆ. ಬಳಿಕ ವೋಲ್ಟೇಜನ್ನು 10 ಮಿಲಿವೋಲ್ಟ್‌ನಷ್ಟು ಸರಿಸಿ ಮತ್ತೆ ದಾಖಲಿಸಿದೆ. ಸಂವೇದನೆ ವೋಲ್ಟಿಗೆ 3.5 ಹರ್ಟ್ಸ್ ಇರುವ ಹರಳಾದರೆ ಈ ಬದಲಾವಣೆಯಿಂದ ಫೇಸ್ ಸೆಕೆಂಡಿಗೆ 3.5 ನ್ಯಾನೊಸೆಕೆಂಡ್‌ನಂತೆ ಹೆಚ್ಚುವರಿಯಾಗಿ ಸರಿಯುತ್ತದೆ, ಆದ್ದರಿಂದ ಕೆಲವೇ ನಿಮಿಷಗಳಲ್ಲಿ ಇಳಿಜಾರು ಸ್ಪಷ್ಟವಾಗಿ ಕಾಣುತ್ತದೆ. ವೋಲ್ಟೇಜನ್ನು ಎರಡೂ ದಿಕ್ಕಿಗೆ ಸರಿಸಿ ಸರಾಸರಿ ತೆಗೆಯುವುದು ಒಳ್ಳೆಯದು. ಸ್ವಂತವಾಗಿ ಜಿಪಿಎಸ್‌ಡಿಓ ಕಟ್ಟುವವರು ಇಲ್ಲೇ ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಬೇಕು: 5 ವೋಲ್ಟನ್ನು 16 ಬಿಟ್‌ನ ಡಿಎಸಿಯಿಂದ (ಅಂಕಿಯನ್ನು ವೋಲ್ಟೇಜಾಗಿ ಬದಲಿಸುವ ಚಿಪ್) ಹಂಚಿದರೆ ಒಂದು ಮೆಟ್ಟಿಲು ಸುಮಾರು 76 ಮೈಕ್ರೊವೋಲ್ಟ್, ವೋಲ್ಟಿಗೆ 1 ಹರ್ಟ್ಸ್ ಸರಿಯುವ ಹರಳಿನಲ್ಲಿ ಅದು ಲಕ್ಷ ಕೋಟಿಗೆ 7.6 ಭಾಗ, ಅಂದರೆ ಹರಳಿನ ಸ್ವಂತ ಗುಣಕ್ಕಿಂತಲೂ ಒರಟು.

ಇನ್ನು ಕಾಲಸ್ಥಿರಾಂಕದ ಮಾತು. ಈ ಘಟಕದಲ್ಲಿ ಅದು 100 ಸೆಕೆಂಡ್, ಡ್ಯಾಂಪಿಂಗ್ 1.2 ಎಂದು ತುಂಬಿ ಬಂದಿರುತ್ತದೆ. ನಾನು ಇಲ್ಲಿ ಒತ್ತಿ ಹೇಳಬಯಸುವ ಸಂಗತಿಯೆಂದರೆ, ಘಟಕ ತಾನೇ ತೋರಿಸುವ ಫೇಸ್ ಅಂಕಿಯನ್ನು ನೋಡಿ ಇದನ್ನು ನಿರ್ಧರಿಸಬಾರದು. ಆ ಅಂಕಿ ಹರಳಿಗೂ ಉಪಗ್ರಹಕ್ಕೂ ಇರುವ ಅಂತರ ಮಾತ್ರ. ಕಾಲಸ್ಥಿರಾಂಕ ಚಿಕ್ಕದಾಗಿ ಲಗಾಮು ಬಿಗಿಯಾಗಿದ್ದಷ್ಟೂ ಹರಳು ಉಪಗ್ರಹದ ಪ್ರತಿ ತೊನೆದಾಟವನ್ನೂ ಹಿಂಬಾಲಿಸುತ್ತದೆ; ಆಗ ಅಂತರ ಸೊನ್ನೆಯ ಬಳಿಯೇ ಇದ್ದು ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಹೊರಬರುವ 10 ಮೆಗಾಹರ್ಟ್ಸ್ ಹಾಳಾಗಿರುತ್ತದೆ. ಕಾಲಸ್ಥಿರಾಂಕವನ್ನು ಹೆಚ್ಚಿಸಿದಾಗ ಪರದೆಯ ಮೇಲಿನ ಫೇಸ್ ಗೆರೆ ಅಗಲವಾಗುತ್ತದೆ, ನೋಡುವವರಿಗೆ ಗಾಬರಿಯೂ ಆಗುತ್ತದೆ, ಸಂಕೇತ ಮಾತ್ರ ಸುಧಾರಿಸಿರುತ್ತದೆ.

ಆದ್ದರಿಂದ ಹೊರಗಿನ ಸಾಕ್ಷಿ ಬೇಕು. ನಾನು ಹಳೆಯ ಎಲ್‌ಪಿಆರ್‌ಒ ಮಾದರಿಯ ರುಬಿಡಿಯಂ ಆಂದೋಲಕವನ್ನು (ಪುಟ್ಟ ಪರಮಾಣು ಗಡಿಯಾರ) ಸ್ವತಂತ್ರವಾಗಿ ಓಡಲು ಬಿಟ್ಟು, ಎರಡರ ನಡುವಿನ ಕಾಲಾಂತರವನ್ನು ಕೌಂಟರಿನಲ್ಲಿ ಅಳೆದು, ಟೈಮ್‌ಲ್ಯಾಬ್ ತಂತ್ರಾಂಶದಲ್ಲಿ ಅಲನ್ ವಿಚಲನೆಯ ರೇಖೆ, ಅಂದರೆ ಬೇರೆ ಬೇರೆ ಅವಧಿಗಳಲ್ಲಿ ಆವರ್ತನ ಎಷ್ಟು ಅಸ್ಥಿರ ಎಂದು ತೋರಿಸುವ ರೇಖೆ, ಬಿಡಿಸಿದೆ. ಒಂದು ಸೆಕೆಂಡಿನ ಅಳತೆಯಲ್ಲಿ ರುಬಿಡಿಯಂ ಒಳ್ಳೆಯ ಹರಳಿಗೆ ಸಮನಲ್ಲ. ಆದರೆ ನೂರಾರು ಸೆಕೆಂಡುಗಳಿಂದ ಕೆಲವು ಗಂಟೆಗಳವರೆಗಿನ ವಲಯದಲ್ಲಿ ಅದು ನಂಬಿಕಸ್ಥ, ನಮಗೆ ಬೇಕಾಗಿರುವುದೂ ಅದೇ ವಲಯ. 100 ಸೆಕೆಂಡಿನ ಹೊಂದಾಣಿಕೆಯಲ್ಲಿ ರೇಖೆಯ ಮೇಲೆ ಎದ್ದ ಉಬ್ಬು ಕಾಲಸ್ಥಿರಾಂಕವನ್ನು ಏರಿಸಿದಂತೆ ತಗ್ಗುತ್ತ ಬಲಕ್ಕೆ ಸರಿಯಿತು. 1000 ಸೆಕೆಂಡ್ ದಾಟಿಸಿದಾಗ ಕೋಣೆಯ ತಾಪದಿಂದಾದ ಅಲೆದಾಟ ಅದನ್ನು ಮತ್ತೆ ಮೇಲೆತ್ತಿತು. ನನ್ನ ಹರಳಿಗೆ 500 ಸೆಕೆಂಡಿನ ಆಸುಪಾಸು ಹಿತವೆನಿಸಿ ಅಲ್ಲೇ ನಿಲ್ಲಿಸಿದ್ದೇನೆ. ಪ್ರತಿ ಬದಲಾವಣೆಯ ನಂತರ ವ್ಯವಸ್ಥೆ ನೆಲೆಗೊಳ್ಳುವವರೆಗಿನ ದತ್ತಾಂಶವನ್ನು ಬಿಟ್ಟು, ಅಲ್ಲಿಂದ ಮುಂದೆ ಕನಿಷ್ಠ ಒಂದು ಪೂರ್ಣ ದಿನ ಅಳೆಯಬೇಕು.

ಪೂರ್ಣ ದಿನ ಎನ್ನುವುದಕ್ಕೆ ನಮ್ಮ ಆಕಾಶವೇ ಕಾರಣ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸತೊಡಗಿದ್ದೂ ಈ ಕಾರಣದಿಂದಲೇ. ಹಾಗಾಗಿ ಬೆಂಗಳೂರಿನ ಮೇಲಿನ ಅಯಾನುಗೋಳ (ವಾತಾವರಣದ ಎತ್ತರದಲ್ಲಿ ಬಿಡಿ ಎಲೆಕ್ಟ್ರಾನ್‌ಗಳಿರುವ ಪದರ) ಮಧ್ಯಾಹ್ನ ಚೆನ್ನಾಗಿ ದಟ್ಟವಾಗುತ್ತದೆ. ಸಂಕೇತದ ದಾರಿಯಲ್ಲಿರುವ ಒಟ್ಟು ಎಲೆಕ್ಟ್ರಾನ್‌ಗಳ ಒಂದು ಏಕಮಾನ (ಟಿಇಸಿಯು) ಜಿಪಿಎಸ್‌ನ ಮುಖ್ಯ ಆವರ್ತನವಾದ ಎಲ್‌1 ಸಂಕೇತವನ್ನು ಸುಮಾರು 0.54 ನ್ಯಾನೊಸೆಕೆಂಡ್ ತಡೆಯುತ್ತದೆ; ಸೂರ್ಯ ಚಟುವಟಿಕೆಯಿಂದಿರುವ ವರ್ಷಗಳಲ್ಲಿ ಏಕಮಾನಗಳು 50 ದಾಟಿದರೆ ವಿಳಂಬ 27 ನ್ಯಾನೊಸೆಕೆಂಡ್. ಉಪಗ್ರಹಗಳು ಬಿತ್ತರಿಸುವ ಕ್ಲೋಬುಚಾರ್ ಮಾದರಿ (ಈ ವಿಳಂಬವನ್ನು ಅಂದಾಜಿಸುವ ಸೂತ್ರ) ಅದರಲ್ಲಿ ಸುಮಾರು ಅರ್ಧವನ್ನಷ್ಟೇ ಸರಿಪಡಿಸುತ್ತದೆ. ಉಳಿದ ದೈನಿಕ ಏರಿಳಿತವನ್ನು ಯಾವ ಸ್ಫಟಿಕವೂ ಸೋಸಲಾರದು, ಏಕೆಂದರೆ ಅದಕ್ಕೆ ಒಂದು ದಿನಕ್ಕಿಂತ ಉದ್ದನೆಯ ಕಾಲಸ್ಥಿರಾಂಕ ಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್ ಸುತ್ತಮುತ್ತ ಸೂರ್ಯಾಸ್ತದ ಬಳಿಕ ಸಂಕೇತಗಳು ಮಿನುಗಿ ಕಡಿದುಹೋಗುವ ತೊಂದರೆಯನ್ನು, ದಿಗಂತಕ್ಕೆ ಸಮೀಪದ ಉಪಗ್ರಹಗಳನ್ನು ಕೈಬಿಡುವ ಕೋನವನ್ನು ಏರಿಸಿ ಕೊಂಚ ತಗ್ಗಿಸಿದ್ದೇನೆ. ಹಗಲಿನ ಏರಿಳಿತಕ್ಕೆ ನಿಜವಾದ ಪರಿಹಾರ ಎರಡು ಆವರ್ತನಗಳಲ್ಲಿ ಆಲಿಸುವ ರಿಸೀವರ್. ಅಂಥದ್ದೊಂದರ ಪಲ್ಸಿಗೆ ಇದೇ ರುಬಿಡಿಯಂ ಅನ್ನು ದಿನದುದ್ದದ ಕಾಲಸ್ಥಿರಾಂಕದಿಂದ ಕಟ್ಟುವ ಮಂಡಲವನ್ನು ಈಗ ಜೋಡಿಸುತ್ತಿದ್ದೇನೆ.