ನರದ ಸಿಗ್ನಲ್ ಓದಬೇಕಾ? ತೋಳಿನಿಂದ ಶುರು ಮಾಡಿ

ನರದ ಸಿಗ್ನಲ್ ಓದಿ ಕೃತಕ ಕೈ ಆಡಿಸಬೇಕು ಅಂತ ಆಸೆ ಇದ್ದರೆ, ಮೊದಲ ದಿನವೇ ಮೆದುಳಿನ ಹತ್ತಿರ ಹೋಗಬೇಡಿ. ಸ್ಟೆಂಟ್ರೋಡ್ ಅಂತ ಒಂದು ಸಾಧನ ಇದೆ. ತಲೆಬುರುಡೆ ತೆರೆಯದೆ, ಕುತ್ತಿಗೆಯ ರಕ್ತನಾಳದ ದಾರಿಯಲ್ಲಿ ಅದನ್ನು ಮೆದುಳಿನ ಪಕ್ಕದ ರಕ್ತನಾಳಕ್ಕೆ ಕಳಿಸುತ್ತಾರೆ, 16 ಎಲೆಕ್ಟ್ರೋಡ್ ಇರುತ್ತವೆ. ಅದು ಡಾಕ್ಟರರ ಕೆಲಸ. ಸಿಗ್ನಲ್ ಬಿಡಿಸುವ ಕಲೆಯನ್ನು ಮಾತ್ರ ನಾವು ತೋಳಿನ ಚರ್ಮದ ಮೇಲೆಯೇ ಕಲಿಯಬಹುದು. ನರಕ್ಕೆ ಸುತ್ತುವ ಕಫ್ ಎಲೆಕ್ಟ್ರೋಡ್‌ಗೆ ಸಿಗುವುದು ಕೆಲವೇ ಮೈಕ್ರೋವೋಲ್ಟ್. ಆದರೆ ಒಂದು ನರತಂತು ಮಿಡಿದರೆ ಅದು ನಡೆಸುವ ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಮಿಡಿಯುತ್ತವೆ, ಹಾಗಾಗಿ ಸ್ನಾಯುವೇ ನಮಗೆ ಆಂಪ್ಲಿಫೈಯರ್.

ಬೇಕಾದದ್ದು ಇಎಮ್‌ಜಿ, ಅಂದರೆ ಸ್ನಾಯುವಿನ ವಿದ್ಯುತ್ ಸಿಗ್ನಲ್ ಹಿಡಿಯುವ ಸೆನ್ಸರ್ ಬೋರ್ಡು, ಅದನ್ನು ಲ್ಯಾಪ್‌ಟಾಪ್‌ಗೆ ಕಳಿಸಲು ಆರ್ಡುಯಿನೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಮೆಡಿಕಲ್‌ನಲ್ಲಿ ಸಿಗುವ ಇಸಿಜಿ ಪ್ಯಾಚ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ತೆಗೆದಿಡಿ. ಇದು ಮೊದಲಿಗೆ ಜೀವದ ಪ್ರಶ್ನೆ, ಆಮೇಲೆ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲವೂ ಕಡಿಮೆಯಾಗುತ್ತದೆ.

ಮುಷ್ಟಿ ಕಟ್ಟಿ, ಮೊಣಕೈ ಕೆಳಗೆ ಎಲ್ಲಿ ಉಬ್ಬುತ್ತದೆ ನೋಡಿ. ಅಲ್ಲಿ ಸ್ನಾಯುವಿನ ಉದ್ದಕ್ಕೆ 2 ಸೆಂ.ಮೀ. ಅಂತರದಲ್ಲಿ ಎರಡು ಪ್ಯಾಚ್, ಮೂರನೆಯದು ಮೊಣಕೈ ಮೂಳೆಯ ಮೇಲೆ. ಮಂಗಳೂರಿನ ಸೆಕೆ ಗೊತ್ತಲ್ವಾ, ಏಪ್ರಿಲ್‌ನಲ್ಲಿ ಬೆವರಿಗೆ ಪ್ಯಾಚ್ ಜಾರಿ ಸಿಗ್ನಲ್ ತೇಲಾಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೈಯಾದರೆ ಇನ್ನೂ ಕಷ್ಟ. ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ.

ಯಾವ ಚಲನೆ ಆರಿಸಬೇಕು? ನಮ್ಮ ಪಕ್ಕದ ಮನೆಯ ಅಕ್ಕ ಬಾಳೆ ನಾರಿನಲ್ಲಿ ಶಂಕರಪುರ ಮಲ್ಲಿಗೆ ಕಟ್ಟುವುದನ್ನು ನೋಡುತ್ತಾ ಕೂತಿದ್ದೆ. ಹೆಬ್ಬೆರಳು ಮತ್ತು ತೋರುಬೆರಳು ಮೊಗ್ಗಿನ ತೊಟ್ಟು ಹಿಡಿದಿರುತ್ತವೆ, ಉಳಿದ ಬೆರಳು ನಾರನ್ನು ಬಿಗಿ ಮಾಡುತ್ತವೆ. ಆ ಚಿಮುಟು ಹಿಡಿತವೂ ಮುಷ್ಟಿಯೂ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ಜೋಡಿ ಪ್ಯಾಚ್‌ನ ಸಿಗ್ನಲ್‌ನಲ್ಲಿ, ಒಂದೇ ಥರ ಕಾಣಬಹುದು. ಅದಕ್ಕೇ ತೋಳಿನ ಸುತ್ತ ನಾಲ್ಕು ಚಾನೆಲ್ ಹಾಕಿ. ವಿಶ್ರಾಂತಿ, ಮುಷ್ಟಿ, ಬಿಚ್ಚಿದ ಕೈ, ಚಿಮುಟು: ಪ್ರತಿಯೊಂದನ್ನೂ 5 ಸೆಕೆಂಡ್, 10 ಸಲ ಮಾಡಿ.

ಪ್ರತಿ ಚಾನೆಲ್‌ಗೆ ಸೆಕೆಂಡಿಗೆ ಕನಿಷ್ಠ 1000 ಸ್ಯಾಂಪಲ್ ತೆಗೆದುಕೊಳ್ಳಿ. 20ರಿಂದ 450 ಹರ್ಟ್ಸ್ ಉಳಿಸಿಕೊಂಡು 50ಕ್ಕೆ ನಾಚ್ ಫಿಲ್ಟರ್ (ಅದೊಂದನ್ನೇ ಕತ್ತರಿಸಿ ತೆಗೆಯುವ ಫಿಲ್ಟರ್) ಹಾಕಿ. 200 ಮಿಲಿಸೆಕೆಂಡಿನ ಕಿಟಕಿಯನ್ನು, ಅಂದರೆ ಸಿಗ್ನಲ್‌ನ ಒಂದು ತುಂಡನ್ನು, 50 ಮಿಲಿಸೆಕೆಂಡ್ ಸರಿಸುತ್ತಾ ಹೋಗಿ, ಒಂದೊಂದರಲ್ಲೂ ಆರ್‌ಎಮ್‌ಎಸ್ (ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ), ಅಲೆಯ ಒಟ್ಟು ಉದ್ದ, ಸೊನ್ನೆ ದಾಟಿದ ಸಲಗಳ ಲೆಕ್ಕ ತೆಗೆಯಿರಿ. ಈ ಲೆಕ್ಕ ನೋಡಿ ಯಾವ ಚಲನೆ ಅಂತ ಹೇಳುವ ಮಾಡೆಲ್‌ಗೆ ಎಲ್‌ಡಿಎ (ನೇರ ಗೆರೆ ಎಳೆದು ಗುಂಪುಗಳನ್ನು ಬೇರ್ಪಡಿಸುವ ಸರಳ ವಿಧಾನ) ಸಾಕು. ಇಷ್ಟು ಕಡಿಮೆ ಡೇಟಾಕ್ಕೆ ಡೀಪ್ ಲರ್ನಿಂಗ್ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಟೆಸ್ಟ್. ಕಿಟಕಿಗಳನ್ನೆಲ್ಲ ಕಲಸಿ ಟ್ರೇನಿಂಗ್, ಟೆಸ್ಟ್ ಅಂತ ಹಂಚಿದರೆ ಅಂಕ ನೂರರ ಹತ್ತಿರ ಬರುತ್ತದೆ, ನನಗೂ ಬಂದಿತ್ತು. ಮರುದಿನ ಪ್ಯಾಚ್ ಹೊಸದಾಗಿ ಅಂಟಿಸಿದಾಗ ಮುಷ್ಟಿಯನ್ನೇ ಗುರುತಿಸಲಿಲ್ಲ. ಅಕ್ಕಪಕ್ಕದ ಕಿಟಕಿಗಳಲ್ಲಿ 150 ಮಿಲಿಸೆಕೆಂಡ್ ಒಂದೇ ಡೇಟಾ ಇರುತ್ತದೆ, ಅಂದರೆ ಮಾಡೆಲ್ ಉತ್ತರ ಮೊದಲೇ ನೋಡಿರುತ್ತದೆ. ಆದ್ದರಿಂದ ಪೂರ್ತಿ ಸುತ್ತುಗಳನ್ನೇ ಬೇರೆ ಇಡಿ, ಆಮೇಲೆ ಒಂದು ಇಡೀ ದಿನವನ್ನು ಬೇರೆ ಇಡಿ. ಕೈ ಕೆಳಗೆ ಬಿಟ್ಟು, ಮೇಲೆತ್ತಿ, ಬೆವರಿದ ಮೇಲೂ ನೋಡಿ. ಕೊನೆಗೆ ಬರುವ ಅಂಕ ಕಡಿಮೆಯೇ ಇರುತ್ತದೆ, ಅದನ್ನೇ ನಂಬಿ.

ಕೃತಕ ಕೈ ಓಡಿಸುವಾಗ ಮೂರು ಕಿಟಕಿಗಳ ಬಹುಮತ ತೆಗೆದುಕೊಳ್ಳಿ, ಆದರೆ ಒಟ್ಟು ತಡ 300 ಮಿಲಿಸೆಕೆಂಡ್ ದಾಟಬಾರದು. ಮಾಡೆಲ್‌ಗೆ ಅನುಮಾನ ಬಂದರೆ ಕೈ ಇದ್ದ ಹಾಗೇ ನಿಲ್ಲಲಿ. ಬಿಸಿ ಚಾ ಲೋಟ ಹಿಡಿದ ಕೈ ತಪ್ಪಿ ಬಿಚ್ಚಿಕೊಳ್ಳಬಾರದಲ್ವಾ?

ಮುಂದೆ ಕೈ ಕಳೆದುಕೊಂಡವರ ಜೊತೆ, ಅವರ ಡಾಕ್ಟರರನ್ನೂ ಸೇರಿಸಿಕೊಂಡು ಕೂರುವ ದಿನ ಬಂದರೆ, ಚಲನೆಗಳ ಪಟ್ಟಿ ಅವರೇ ಹೇಳಲಿ. ಅವತ್ತೂ ಚಾರ್ಜರ್ ತೆಗೆದೇ ಇಡಿ.